ಅಳತೆ ಕೋಣೆಗೆ ಹೋದ ಕುಂಕುಮ

ಮೊದಲ ದಿನ ಆ ಕಾರ್ಖಾನೆಯೊಳಗೆ ಕಾಲಿಟ್ಟಾಗ ಇವತ್ತು ಇವರಿಗೆ ರಜೆಯಿರಬೇಕು ಅಂದುಕೊಂಡೆ. ಸದ್ದೇ ಇರಲಿಲ್ಲ. ನೋಡಿದರೆ ಸಾಲುಸಾಲಾಗಿ ಯಂತ್ರಗಳು ಓಡುತ್ತಿವೆ, ಜನ ನಿಂತು ಕೆಲಸ ಮಾಡುತ್ತಿದ್ದಾರೆ, ಯಾರೂ ಯಾರನ್ನೂ ಕೂಗುತ್ತಿಲ್ಲ. ಪೀಣ್ಯದಲ್ಲಿ ತಗಡು ಬಡಿಯುವ ಪವರ್ ಪ್ರೆಸ್ಸುಗಳ ಪಕ್ಕದಲ್ಲೇ ಇಷ್ಟು ವರ್ಷ ದುಡಿದವಳು ನಾನು. ಮನೆಯಲ್ಲೂ ಕಿರುಚಿ ಮಾತಾಡುತ್ತೇನೆಂದು ಗಂಡ ರೇಗುತ್ತಾನೆ. ಜಪಾನಿನ ಆ ಕಾರ್ಖಾನೆಯಲ್ಲಿ ನನ್ನ ಬಳೆಯ ಸದ್ದು ನನಗೇ ಕೇಳಿಸಿ ನಾಚಿಕೆಯಾಯಿತು. ನಾಚಿಕೊಳ್ಳುವಷ್ಟು ಹೊತ್ತೂ ಸಿಗಲಿಲ್ಲ. ಬಾಗಿಲಲ್ಲಿದ್ದ ಹೆಂಗಸು ಸೊಂಟ ಬಗ್ಗಿಸಿ ನಮಸ್ಕರಿಸಿ, ಬಳೆ ತೆಗೆದಿಡಲು ಪುಟ್ಟ ತಟ್ಟೆಯೊಂದನ್ನು ಮುಂದೆ ಹಿಡಿದಳು. ಮದುವೆಯಾದ ಮೇಲೆ ನಾನು ಬೋಳು ಕೈಯಲ್ಲಿ ನಿಂತದ್ದು ಅದೇ ಮೊದಲು.

ನಾನು ರೇಣುಕಾ. ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯ ತಪಾಸಣೆ ಬೆಂಚಿನವಳು. ತಯಾರಾದ ಬೇರಿಂಗುಗಳನ್ನು ಗೇಜು ಹಿಡಿದು ಅಳೆದು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವುದು ನಮ್ಮ ಬೆಂಚಿನ ಹೆಂಗಸರ ಕೆಲಸ. ಆ ಕೆಲಸಕ್ಕೆ ಕಂಪನಿಯವರು ಜಪಾನಿನಿಂದ ಹೊಸ ಅಳತೆ ಯಂತ್ರ ತರಿಸುತ್ತಿದ್ದರು. ಅದನ್ನು ಕಲಿತು ಬರಲು ನನ್ನನ್ನೂ ರಿಪೇರಿ ವಿಭಾಗದ ನಾಗರಾಜನನ್ನೂ ಕಳಿಸಿದರು. ಕಲಿಸುವವರು ಒಪ್ಪಿ ಸಹಿ ಹಾಕಿದರೆ ಯಂತ್ರ ನನ್ನ ಕೈಗೆ, ನನ್ನಿಂದ ಬೆಂಚಿನ ಉಳಿದವರ ಕೈಗೆ. ಇಲ್ಲವಾದರೆ ಹೊರಗಿನಿಂದ ಓದಿದವರನ್ನು ತರುತ್ತಾರೆ, ನಾವೆಲ್ಲ ಪ್ಯಾಕಿಂಗಿಗೆ.

ಬೆಂಚಿನ ಹಿರಿಯಳು ಗೌರಮ್ಮ. ತುಮಕೂರು ಕಡೆಯವಳು, ನನಗೆ ಗೇಜು ಹಿಡಿಯಲು ಕಲಿಸಿದವಳು. ಹೊರಡುವ ದಿನ ಗೇಟಿನ ಬಳಿಯ ಗಣಪತಿ ಪಟದ ಮುಂದಿನ ಕುಂಕುಮವನ್ನು ಪೊಟ್ಟಣ ಕಟ್ಟಿ ನನ್ನ ಕೈಗೆ ತುರುಕಿದಳು.

"ಮೆಷಿನ್ ಮುಟ್ಟೋಕ್ ಮುಂಚೆ ಇದನ್ನ ಇಟ್ಬಿಡು. ಅಂಗೇ ಕೈ ಆಕ್ಬೇಡ. ನೀನು ಕಲೀದೆ ಬಂದ್ರೆ ನಾವೆಲ್ಲ ಡಬ್ಬ ಕಟ್ಕೊಂಡು ಕೂರ್ಬೇಕು, ಗೊತ್ತಾಯ್ತಾ?"

ನಮ್ಮಲ್ಲಿ ಕುಂಕುಮ ಕಾಣದೆ ಯಾವ ಯಂತ್ರವೂ ಶುರುವಾಗುವುದಿಲ್ಲ. ಫೋರ್ಕ್‌ಲಿಫ್ಟಿನ ಗಾಲಿಗೂ ನಿಂಬೆಹಣ್ಣು ಬೇಕು.

ಅಲ್ಲಿಯ ಊಟದ ಪಾಡು ಕೇಳಬೇಡಿ. ನಾನು ಮೀನು ಮಾಂಸ ಮುಟ್ಟದವಳು. ಸೊಪ್ಪಿನ ಸಾರು ಎಂದು ಕೊಟ್ಟದ್ದರಲ್ಲೂ 'ದಾಶಿ' ಇರುತ್ತದೆ. ಒಣಮೀನು ಹಾಕಿ ಕಾಯಿಸಿದ ನೀರು ಅದು, ನಮ್ಮ ಬೇಳೆಕಟ್ಟಿನ ಹಾಗೆ ಎಲ್ಲದಕ್ಕೂ ಅದೇ ಬೇಕು ಅವರಿಗೆ. ಅಂಟಂಟು ಅನ್ನಕ್ಕೆ ಚಟ್ನಿಪುಡಿ ಕಲಸಿ ನುಂಗಿದೆ. ಮೂಲೆಮೂಲೆಗೂ 'ಕೊಂಬಿನಿ' ಅನ್ನುವ, ಬಾಗಿಲೇ ಹಾಕದ ಅಂಗಡಿಗಳಿವೆ. ಅಲ್ಲಿ ಸಕ್ಕರೆ ಹಾಕದ ಮೊಸರು ಸಿಕ್ಕ ದಿನ ನನಗೆ ಅಳುವೇ ಬಂತು.

"ಏನಕ್ಕ, ಮೊಸರಿಗೆಲ್ಲ ಅಳ್ತಾರಾ? ತಿನ್ನಿ ಮೊದ್ಲು," ಅಂದ ನಾಗರಾಜ. ಅವನಿಗೇನು, ಸಿಕ್ಕಿದ್ದೆಲ್ಲ ಸಕ್ಕತ್ ಅಂತ ತಿನ್ನುತ್ತಿದ್ದ.

ಉಳಿಯಲು ಕೊಟ್ಟ ಕೋಣೆಯಲ್ಲಿ ಹಾಸಿಗೆ ಬಿಡಿಸಿದರೆ ಬಾಗಿಲು ತೆರೆಯಲು ಬರುತ್ತಿರಲಿಲ್ಲ. ನಮ್ಮ ವಠಾರದಲ್ಲಿ ಪಕ್ಕದ ಮನೆಯ ಒಗ್ಗರಣೆ ಸಿಡಿದರೆ ನಮಗೆ ಸೀನು. ಅಲ್ಲಿ ಪಕ್ಕದ ಕೋಣೆಯಲ್ಲಿ ಯಾರಿದ್ದರೆಂದು ಕೊನೆಯವರೆಗೂ ತಿಳಿಯಲಿಲ್ಲ. ಎರಡು ಪಾಳಿ ಒಟ್ಟಿಗೆ ಮಾಡಿದರೂ ನಾನು ಅಷ್ಟು ದಣಿದದ್ದಿಲ್ಲ. ಯಾವ ಚಪ್ಪಲಿ ಎಲ್ಲಿ ಬಿಡಬೇಕು, ಯಾರಿಗೆ ಎಷ್ಟು ಬಗ್ಗಬೇಕು, ಯಾವ ಕಸ ಯಾವ ಚೀಲಕ್ಕೆ, ಎಲ್ಲವನ್ನೂ ಯೋಚಿಸಿಯೇ ಮಾಡಬೇಕು. ಉಸಿರಾಡುವುದೊಂದು ತಾನಾಗಿ ಆಗುತ್ತಿತ್ತು, ಪುಣ್ಯಕ್ಕೆ.

ನಮಗೆ ಕಲಿಸುವವರು ಒಕಾದಾ-ಸಾನ್. 'ಸಾನ್' ಅಂದರೆ ನಾವು ಹೆಸರಿಗೆ 'ಅವರು' ಸೇರಿಸಿದ ಹಾಗೆ. ತಲೆ ನರೆತ, ಮಾತು ಕಮ್ಮಿಯ ಮನುಷ್ಯ. ಏನಾದರೂ ಹೇಳಬೇಕಾದರೆ ಫೋನಿಗೆ ಹೇಳುತ್ತಿದ್ದರು, ಫೋನು ನಮಗೆ ಹರಕುಮುರುಕು ಕನ್ನಡದಲ್ಲಿ ಹೇಳುತ್ತಿತ್ತು. ಒಂದು ಬೆಳಿಗ್ಗೆ ನನ್ನತ್ತ ತಿರುಗಿ, ಇವತ್ತು ನೀವು ಯಂತ್ರ ಮುಟ್ಟಿ ಅಂದರು.

ಅಳತೆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಒಳಗೆ ತಂಪು, ಮೌನ, ನಡುವೆ ಕಪ್ಪು ಕಲ್ಲಿನ ಹಾಸಿನ ಮೇಲೆ ನಿಂತ ಆ ಯಂತ್ರ. ನೀವೇ ಹೇಳಿ, ನಮ್ಮಂಥವರಿಗೆ ಅದು ಗರ್ಭಗುಡಿಯಲ್ಲದೆ ಮತ್ತೇನಾಗಿ ಕಂಡೀತು? ಒಕಾದಾ-ಸಾನ್ ಕಂಪ್ಯೂಟರಿನ ಕಡೆ ತಿರುಗಿದ್ದರು. ಪೊಟ್ಟಣ ಬಿಚ್ಚಿ, ಯಂತ್ರದ ಕಂಬಕ್ಕೆ ಒಂದು ಬೊಟ್ಟು ಇಟ್ಟು, ಗೌರಮ್ಮನನ್ನೂ ಗಣಪತಿಯನ್ನೂ ನೆನೆದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಕಪ್ಪು ಕಲ್ಲಿನ ಮೇಲೆಲ್ಲ ಕೆಂಪು ಪುಡಿ ಉದುರಿತ್ತು. ಆ ಕಲ್ಲಿನ ಮೇಲೆ ಯಂತ್ರದ ತೋಳು ತೆಳ್ಳಗಿನ ಗಾಳಿಯ ಪದರದಲ್ಲಿ ತೇಲುತ್ತಾ ಓಡಾಡುತ್ತದೆ. ಧೂಳಿನ ಕಣವೂ ಅದಕ್ಕೆ ಬಂಡೆ. ಒಕಾದಾ-ಸಾನ್ "ಆ!" ಎಂದು ಎದ್ದವರೇ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದರು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಸೂಪರ್‌ವೈಸರ್ ಆಗಿದ್ದರೆ ವಂಶವನ್ನೆಲ್ಲ ಜಾಲಾಡಿ, ಆಮೇಲೆ ಟೀ ಕುಡಿಸುತ್ತಿದ್ದರು. ಇವರು ಬಿಳಿ ಬಟ್ಟೆಯನ್ನೂ ಸ್ಪಿರಿಟ್ ಬಾಟಲಿಯನ್ನೂ ತಂದು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ನಾನೇ ಒರೆಸಬೇಕಿತ್ತು. ಕಲ್ಲು ಒರೆಸಿದೆ. ಕೊನೆಗೆ ಕಂಬದ ಮೇಲಿನ ಬೊಟ್ಟನ್ನೂ ಒರೆಸಿದೆ. ಕುಂಕುಮ ಅಳಿಸುವುದೆಂದರೆ ನಮ್ಮ ಹೆಂಗಸರಿಗೆ ಏನೆಂದು ಅವರಿಗೆ ಹೇಗೆ ತಿಳಿಯಬೇಕು? ಅಯ್ಯೋ ಶಿವನೇ, ಯಾಕಾದರೂ ಬಂದೆನೋ ಅನ್ನಿಸಿತು.

ಮರುದಿನದಿಂದ ನನಗೊಂದು ಕುರ್ಚಿ ಹಾಕಿದರು. ನಾಗರಾಜ ಯಂತ್ರ ನಡೆಸುವುದು, ನಾನು ದೂರ ಕೂತು ನೋಡುವುದು. ಬೆಳಿಗ್ಗೆ ಕಲ್ಲು ಒರೆಸುವ ಕೆಲಸ ಮಾತ್ರ ನನ್ನದು. ಸಂಜೆ ಗೌರಮ್ಮ ಫೋನು ಮಾಡಿದಳು.

"ಇಟ್ಯೇನೇ?"

"ಇಟ್ಟೆ."

"ಅಂಗಾದ್ರೆ ಬಿಡು, ಇನ್ನ ಚಿಂತೆ ಇಲ್ಲ. ಎಲ್ರಿಗೂ ಏಳ್ತೀನಿ."

ಫೋನಿಟ್ಟು ಗೋಡೆ ನೋಡುತ್ತಾ ಕೂತೆ. ಸಹಿ ಸಿಗದಿದ್ದರೆ ಅವಳಿಗೆ ಯಾವ ಮುಖ ತೋರಿಸುವುದು ಎಂಬುದೊಂದೇ ತಲೆಯಲ್ಲಿ.

ಕೆಲವು ದಿನ ಕಳೆದ ಮೇಲೆ ಒಕಾದಾ-ಸಾನ್ ನನ್ನನ್ನು ಹೊರಗೆ ಕರೆದೊಯ್ದು, ಯಂತ್ರಗಳು ಓಡುವ ಶೆಡ್ಡಿನ ಬಾಗಿಲ ಮೇಲಕ್ಕೆ ಕೈ ತೋರಿಸಿದರು. ದಿನಾ ಅದರಡಿಯೇ ಓಡಾಡಿದರೂ ನಾನು ತಲೆ ಎತ್ತಿರಲಿಲ್ಲ. ಎತ್ತರದಲ್ಲಿ ಒಂದು ಮರದ ಹಲಗೆ, ಅದರ ಮೇಲೆ ಪುಟ್ಟ ಗುಡಿ, ಎರಡು ಬದಿ ಹಸಿರೆಲೆ, ಬಟ್ಟಲಲ್ಲಿ ನೀರು. 'ಕಾಮಿದಾನಾ' ಅಂದರು, ದೇವರ ಹಲಗೆ. ಆಮೇಲೆ ಫೋನಿಗೆ ಏನೋ ಹೇಳಿದರು. ಫೋನು ಹೇಳಿತು: "ದೇವರು ಇದ್ದಾರೆ. ಕೋಣೆಯ ಹೊರಗಡೆ ಇದ್ದಾರೆ." ಅವರು ಎರಡು ಸಲ ಚಪ್ಪಾಳೆ ತಟ್ಟಿ ತಲೆಬಾಗಿದರು. ನಾನು ನಮ್ಮ ರೀತಿಯಲ್ಲಿ ಕೈ ಮುಗಿದೆ. ಮನಸ್ಸು ಸ್ವಲ್ಪ ಹಗುರಾಯಿತು, ಕುರ್ಚಿ ಮಾತ್ರ ಇದ್ದಲ್ಲೇ ಇತ್ತು.

ಕಲ್ಲು ಒರೆಸಿ ಒರೆಸಿ ನನ್ನ ಕಣ್ಣಿಗೂ ಧೂಳಿನ ಗೀಳು ಹಿಡಿಯಿತು. ಒಂದು ದಿನ ಊಟವಾದ ಮೇಲೆ ನಾಗರಾಜ ಬಿಸ್ಕತ್ತಿನ ಪುಡಿಯಿದ್ದ ತೋಳಿನಲ್ಲೇ ಒಳಗೆ ಬಂದ.

"ನಿಂತ್ಕೋ ಅಲ್ಲೇ!" ಕೂಗಿಬಿಟ್ಟೆ, ಪೀಣ್ಯದ ಗಂಟಲಲ್ಲಿ. "ಹೊರಗ್ ಹೋಗಿ ತೋಳು ಜಾಡಿಸ್ಕೊಂಡ್ ಬಾ."

"ಏನಕ್ಕ, ನೀವೂ ಇವ್ರ ಥರಾನೇ ಆಡ್ತೀರಲ್ಲ!"

ಗೊಣಗುತ್ತಲೇ ಹೊರಗೆ ಹೋದ. ಒಕಾದಾ-ಸಾನ್ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. ಎದ್ದು ಬಂದು ನನ್ನ ಕುರ್ಚಿಯನ್ನು ತಾವೇ ಎಳೆದು ಯಂತ್ರದ ಮುಂದೆ ಇಟ್ಟರು. ಕಲಿತೆ. ಸಹಿ ಸಿಕ್ಕಿತು. ವಿಮಾನದಲ್ಲಿ ಕೂತವಳು ಊಟಕ್ಕೂ ಏಳದೆ ನಿದ್ದೆ ಹೊಡೆದೆ.

ಈಗ ಯಂತ್ರ ಪೀಣ್ಯಕ್ಕೆ ಬಂದಿದೆ. ಗಾಜಿನ ಕೋಣೆ ಕಟ್ಟಿಸಿದ್ದಾರೆ. ಮೊದಲ ದಿನ ಬೆಂಚಿನ ಹೆಂಗಸರೆಲ್ಲ ಅರಿಶಿನ ಕುಂಕುಮ, ನಿಂಬೆಹಣ್ಣು, ಬೂದುಗುಂಬಳದ ಸಮೇತ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಳಗೆ ಬೇಡ ಕಣ್ರೇ. ಬಾಗಿಲಿಗೆ ಇಡೋಣ."

ಗೌರಮ್ಮ ನನ್ನ ಮುಖವನ್ನೇ ನೋಡಿದಳು. ಆಚೆಯ ಪ್ರೆಸ್ಸುಗಳ ಸದ್ದು ತಲೆಗೆ ಬಡಿಯುತ್ತಿತ್ತು. ಮೊದಲು ಅದು ನನಗೆ ಕೇಳಿಸುತ್ತಲೇ ಇರಲಿಲ್ಲ.

"ಅಲ್ಲಿ ನೀನು ಇಟ್ಟಿದ್ಯ ತಾನೆ?"

"ಇಟ್ಟಿದ್ದೆ."

"ಇನ್ನೇನ್ ಮತ್ತೆ! ಮೊದಲ್ನೇ ಕುಂಕುಮ ನಮ್ದೇ ಬಿದ್ದೈತೆ," ಎಂದು ಉಳಿದವರಿಗೆ ಹೆಮ್ಮೆಯಿಂದ ಹೇಳಿ, ಬಾಗಿಲ ಚೌಕಟ್ಟಿಗೆ ಬೊಟ್ಟಿಟ್ಟಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಡಲು ಬಂದಳು. ನಾನು ಪುಟ್ಟ ತಟ್ಟೆಯನ್ನು ಮುಂದೆ ಹಿಡಿದೆ.

"ಬಳೆ ತೆಗೀಬೇಕು."

ಅವಳು ತಟ್ಟೆ ನೋಡಿದಳು, ನನ್ನ ಬೋಳು ಕೈ ನೋಡಿದಳು. ಒಂದೊಂದಾಗಿ ಹಸಿರು ಬಳೆಗಳನ್ನು ತೆಗೆದು ತಟ್ಟೆಗೆ ಹಾಕಿದಳು. ನಾನು ಗೊತ್ತಿಲ್ಲದೆಯೇ ಸೊಂಟ ಬಗ್ಗಿಸಿ ನಮಸ್ಕರಿಸಿಬಿಟ್ಟಿದ್ದೆ.

"ಇದೇನೇ, ನಂಗೆ ಇಂಗೆ ಬಗ್ತೀಯ? ನಾನೇನು ಒರಗಿನವಳಾ?" ಎಂದು ನಕ್ಕಳು.

ಅವಳು ಕೊಟ್ಟ ಕುಂಕುಮವನ್ನು ಈ ಕೈಯೇ ಒರೆಸಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಳಗೆ ಹೋಗಿ ಯಂತ್ರಕ್ಕೆ ಕೈ ಮುಗಿದು ನಿಂತಿದ್ದಳು.