ಮೋಟಾರು ದೋಣಿಗೆ ಕೇಳಿದ ಹೂವು

ನಮ್ಮಪ್ಪ ದೊಡ್ಡಮುನಿಯಪ್ಪ ಹೊಸಕೋಟೆ ದೊಡ್ಡಕೆರೆಯಲ್ಲಿ ಹರಿಗೋಲು ಹಾಕುತ್ತಿದ್ದ. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಆ ದುಂಡು ದೋಣಿಯಲ್ಲಿ ಆಚೆ ದಡದ ಹಳ್ಳಿಯವರನ್ನು ಸಂತೆಗೆ ದಾಟಿಸುವುದು, ಸಂಜೆ ಮತ್ತೆ ಬಿಟ್ಟುಬರುವುದು ಅವನ ಕೆಲಸ. ಬಾಯಿ ಜೋರು, ಮನಸ್ಸು ಮೆತ್ತಗೆ. ಕುಳಿತವರು ಮಿಸುಕಾಡಿದರೆ ಅವರ ಅಪ್ಪ ಅಜ್ಜನನ್ನೆಲ್ಲ ಸೇರಿಸಿ ಬೈಯುತ್ತಿದ್ದ. ಬಸುರಿ ಹೆಂಗಸು ಹತ್ತಿದಳೋ, ಹುಟ್ಟು ಹಾಕುವ ಸದ್ದೂ ಕೇಳಿಸದ ಹಾಗೆ ದಾಟಿಸುತ್ತಿದ್ದ. ಊರವರು ಈಗ ಇದನ್ನೆಲ್ಲ ಮರೆತಿದ್ದಾರೆ. ಮೋಟಾರು ದೋಣಿ ತಗೊಂಡು ಕೆಟ್ಟುಹೋದವನು ಎಂದಷ್ಟೇ ಅವನನ್ನು ನೆನೆಸುತ್ತಾರೆ. ಅದನ್ನು ಕೇಳಿದಾಗೆಲ್ಲ ನನಗೆ ಮೈಯುರಿಯುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ ಅದು. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸೊಂದು ಕೆರೆಯನ್ನು ಬಳಸಿಕೊಂಡು ಬರಲು ಶುರುವಾಗಿತ್ತು. ಅರ್ಧ ದಾರಿಯಲ್ಲಿ ಇಳಿದು ತಳ್ಳಬೇಕಾಗಿದ್ದರೂ ಜನಕ್ಕೆ ಅದರ ಮೇಲೇ ಆಸೆ. ಹರಿಗೋಲಿಗೆ ಬರುವವರು ಕಡಿಮೆಯಾದರು. ಆ ಹೊತ್ತಿಗೆ ಸರಿಯಾಗಿ ಕಂಟ್ರಾಕ್ಟರ್ ವೆಂಕಟರಮಣಪ್ಪ, ಬೆಂಗಳೂರಿನಲ್ಲಿ ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಲ್ಲಿ ಒಂದು ಮರದ ದೋಣಿ ಹಿಡಿದು, ಗಾಡಿಯ ಮೇಲೆ ಹೇರಿಸಿಕೊಂಡು ಬಂದ. ದೋಣಿಯ ಹಿಂದೆ ಬಣ್ಣ ಸುಲಿದ ಹಳೆಯ ಮೋಟಾರೊಂದು ತಗುಲಿಕೊಂಡಿತ್ತು.

“ಕೆರೆ ಕೆಳಗಿನ ಗದ್ದೆ ನನ್ಗೆ ಬರ್ಕೊಡು ಮುನಿಯಪ್ಪ, ದೋಣಿ ಇಟ್ಕೊ. ಬಸ್ಸು ಬರೋದ್ರೊಳಗೆ ನೀನು ಮೂರು ಸಲ ದಾಟಿಸ್ಬೋದು” ಎಂದ.

ಆ ಗದ್ದೆ ಅಂದರೆ ನಮ್ಮ ಮನೆಯ ವರ್ಷದ ಅನ್ನ. ಅಪ್ಪನಿಗೆ ಅದು ಗೊತ್ತಿಲ್ಲದೆ ಇಲ್ಲ. ಆದರೆ ವೆಂಕಟರಮಣಪ್ಪ ಹಗ್ಗ ಎಳೆದು ಮೋಟಾರು ಹೊತ್ತಿಸಿ ಅವನನ್ನು ಕೂರಿಸಿಕೊಂಡು ಹೋದಾಗ, ಒಂದು ಬೀಡಿ ಸೇದುವಷ್ಟರಲ್ಲಿ ಆಚೆ ದಡ ಬಂದುಬಿಟ್ಟಿತಂತೆ. ಬರುವಾಗ ಮಾತ್ರ ಜೊಂಡಿನ ಹತ್ತಿರ ಮೋಟಾರು ಕೆಮ್ಮಿ ಕೆಮ್ಮಿ ನಿಂತಿತು. ಅದನ್ನೂ ಅಪ್ಪನೇ ಬಂದು ಹೇಳಿದ. ಬೆಳಿಗ್ಗೆ ತಗೊಳ್ಳೋಣ ಎನ್ನುವುದು, ಸಂಜೆಗೆ ಬೇಡ ಎನ್ನುವುದು, ಹೀಗೇ ನಡೆಯಿತು.

“ಮೊಣಕಾಲುದ್ದ ನೀರಲ್ಲೂ ಹರಿಗೋಲು ಹೋಗ್ತದೆ. ಅದು ಹೋಗ್ತದಾ?” ಎಂದಳು ನಮ್ಮಮ್ಮ ಪಿಳ್ಳಮ್ಮ.

“ಹೋಗಲ್ಲ. ಆದ್ರೆ ಆ ಬಸ್ಸಿನೋನು ನಮ್ಮನ್ನ ಬದುಕೋಕೆ ಬಿಡ್ತಾನಾ, ಅದು ಹೇಳು.”

ಕೊನೆಗೆ ಅಪ್ಪ ಗಂಗಮ್ಮನ ಹತ್ತಿರ ಹೂವು ಕೇಳುವುದೆಂದು ನಿಶ್ಚಯಿಸಿದ. ನಮ್ಮ ಬೆಸ್ತರಲ್ಲಿ ಬಗೆಹರಿಯದ್ದನ್ನೆಲ್ಲ ತಾಯಿಯನ್ನು ಕೇಳಿಯೇ ಮಾಡುವುದು. ಕೆರೆ ಏರಿಯ ಮೇಲಿನ ಗುಡಿಯಲ್ಲಿ ಪೂಜಾರಿ ತಾಯಿಯ ಎರಡು ಭುಜಕ್ಕೂ ಒಂದೊಂದು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ಅಂಟಿಸುತ್ತಾನೆ. ಕೇಳುವವನು ಕೆರೆಯಲ್ಲಿ ಮುಳುಗಿ ಬಂದು ಒದ್ದೆ ಬಟ್ಟೆಯಲ್ಲೇ ಕಣ್ಣು ಮುಚ್ಚಿ ನಿಲ್ಲಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ. ಅಪ್ಪನ ಮದುವೆಯೂ ಹಾಗೇ ಗೊತ್ತಾಗಿದ್ದು, ಮಗಳಾದ ನನಗೆ ಅಂಜಿನಿ ಎಂಬ ಹೆಸರೂ ಹಾಗೇ ಇಟ್ಟದ್ದು. ಪೂಜಾರಿ ಕೊಂಡಪ್ಪ ಬೇರೆಯವನಲ್ಲ. ಅವನೂ ಅಪ್ಪನೂ ಒಂದೇ ದಿನ ಕೆರೆಗೆ ಬಿದ್ದು ಈಜು ಕಲಿತವರು. ನಮ್ಮ ಮನೆಯಲ್ಲಿ ಮೀನು ಬೆಂದ ದಿನ ಅವನಿಗೊಂದು ಪಾಲು ಎತ್ತಿಡದೆ ಅಮ್ಮ ನಮಗೆ ಬಡಿಸುತ್ತಿರಲಿಲ್ಲ.

ಬಲಗಡೆಯ ಹೂವು ಬಿತ್ತು. ಬಹಳ ಹೊತ್ತು ಕಾಯಿಸಲೂ ಇಲ್ಲ.

ಗುಡಿ ತೊಳೆಯುವುದು ನಮ್ಮಮ್ಮನ ಸೇವೆ. ಮಾರನೆಯ ಬೆಳಿಗ್ಗೆ ಅವಳು ಹೋಗಿ ನೋಡಿದರೆ ಎಡಗಡೆಯ ಹೂವು ಬಾಡಿ ಸುರುಟಿಕೊಂಡು ಇನ್ನೂ ಕಲ್ಲಿಗೇ ಕಚ್ಚಿಕೊಂಡಿತ್ತು. ನೀರು ಹೊಯ್ದರೂ ಬೀಳಲಿಲ್ಲ. ಉಗುರಿನಿಂದ ಕೆರೆದಳು. ಹೂವಿನ ತೊಟ್ಟಿನಡಿ ಜೇನುಮೇಣ ಇತ್ತು. ಅದನ್ನು ಬೆರಳ ತುದಿಯಲ್ಲೇ ತಂದು ಅಪ್ಪನಿಗೆ ತೋರಿಸಿದಳು.

ಅಪ್ಪ ಕೆಂಡವಾದ. ಅವಳ ಕೈ ಹಿಡಿದು ಮೇಣವನ್ನು ತನ್ನ ಪಂಚೆಗೆ ಒರೆಸಿಬಿಟ್ಟ.

“ಕೊಂಡನ ಮೇಲೆ ಅನುಮಾನ ಪಟ್ರೆ ತಾಯಿ ಮೇಲೇ ಪಟ್ಟಂಗೆ ಕಣೆ. ಇನ್ನೊಂದ್ಸಲ ಈ ಮಾತು ಬಾಯಲ್ಲಿ ಬರ್ಬಾರ್ದು” ಎಂದ. ಅದೇ ವಾರ ಗದ್ದೆ ವೆಂಕಟರಮಣಪ್ಪನ ಹೆಸರಿಗಾಯಿತು.

ದೋಣಿಯ ಸಂಭ್ರಮ ಒಂದು ಸಂತೆಗೆ ಬಂತು, ಎರಡನೆಯ ಸಂತೆಗೂ ಬಂತು, ಅಷ್ಟೇ. ಪೆಟ್ರೋಲಿಗೆ ರೇಷನ್ನು. ಅದು ಸಿಕ್ಕ ದಿನ ಮೋಟಾರು ಹೊತ್ತಿಕೊಳ್ಳದು, ಹೊತ್ತಿದ ದಿನ ಅದರ ರೆಕ್ಕೆಗೆ ಜೊಂಡು ಸುತ್ತಿಕೊಳ್ಳುವುದು. ಒಂದು ದಿನ ತುಂಬಿದ ದೋಣಿ ಕೆರೆಯ ನಡುವೆ ನಿಂತು, ಒಳಗೇನೋ ಮುರಿದ ಸದ್ದಾಗಿ, ಮೋಟಾರಿನ ಕಥೆ ಅಲ್ಲಿಗೇ ಮುಗಿಯಿತು. ನೀರಿಗಿಳಿಯದೆ ಬಿಸಿಲಲ್ಲಿ ಬಿದ್ದಿದ್ದ ಹರಿಗೋಲಿನ ಚರ್ಮವೂ ಅಷ್ಟರಲ್ಲಿ ಬಿರಿದಿತ್ತು. ಅಪ್ಪ ಆಗಲೂ ಯಾರನ್ನೂ ದೂರಲಿಲ್ಲ. ತಾಯಿ ಹೇಳಿದ್ದಾಳೆ, ಮುಂದೆ ಏನೋ ಒಳ್ಳೆಯದಿರಬೇಕು ಎಂದುಕೊಂಡು ಚರ್ಮಕ್ಕೆ ತೇಪೆ ಹಾಕುತ್ತ ಕುಳಿತ.

ಮಳೆ ಬಿದ್ದು ಉಳುಮೆ ಶುರುವಾದ ಮೇಲೆ ಒಂದು ಬೆಳಿಗ್ಗೆ ನಾನೂ ಅಪ್ಪನೂ ಏರಿಯ ಮೇಲೆ ಬರುತ್ತಿದ್ದೆವು. ಕೆಳಗೆ ನಮ್ಮ ಗದ್ದೆಯಲ್ಲಿ ನೇಗಿಲು ಹಿಡಿದಿದ್ದವನು ಕೊಂಡಪ್ಪ. ವೆಂಕಟರಮಣಪ್ಪ ಅದನ್ನು ಬೆಳೆಯಲ್ಲಿ ಅರ್ಧ ಪಾಲಿನ ವಾರಕ್ಕೆ ಅವನಿಗೇ ಕೊಟ್ಟಿದ್ದ. ಅಪ್ಪ ಇಳಿದು ಹೋಗಿ ಬದುವಿನ ಮೇಲೆ ನಿಂತ. ಬೈಗುಳಕ್ಕೆ ಹೆಸರಾದವನು ಒಂದು ಕೆಟ್ಟ ಮಾತೂ ಆಡಲಿಲ್ಲ.

“ಕೊಂಡಾ, ಎಡಗಡೆ ಹೂವಿಗೆ ಮೇಣ ಹಚ್ಚಿದ್ಯಾ?”

ಕೊಂಡಪ್ಪ ಎತ್ತುಗಳನ್ನು ನಿಲ್ಲಿಸಿದ. ಅಪ್ಪನ ಮುಖ ನೋಡಲಿಲ್ಲ.

“ನಂಗೆ ಒಂದು ಗೇಣು ಭೂಮಿ ಇಲ್ಲ ಮುನಿಯಾ. ಹೊಟ್ಟೆಪಾಡು. ತಾಯಿಗೆ ಬ್ಯಾಡ ಅನ್ನಿಸಿದ್ರೆ ಬಲಗಡೇದೂ ಬೀಳ್ತಿರ್ಲಿಲ್ಲ, ಬಿಡು” ಎಂದ.

ಕಳ್ಳತನ ಮಾಡಿ ಅದನ್ನು ತಾಯಿಯ ತಲೆಗೆ ಕಟ್ಟಿದ. ನಾನು ಮಣ್ಣಿನ ಹೆಂಟೆ ಕೈಗೆತ್ತಿಕೊಂಡಿದ್ದೆ. ಅಪ್ಪ ನನ್ನ ರಟ್ಟೆ ಹಿಡಿದು ಕರೆದುಕೊಂಡು ಬಂದ. ಮನೆಗೆ ಬಂದವನು ಅಮ್ಮನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕುಳಿತ.

ಮುಂದಿನ ವರ್ಷ ಅನುಗೊಂಡನಹಳ್ಳಿಯಿಂದ ನನ್ನನ್ನು ನೋಡಲು ಬಂದರು. ಹುಡುಗ ಎರಡನೆಯ ಸಂಬಂಧದವನು, ಮೊದಲ ಹೆಂಡತಿ ಸತ್ತಿದ್ದಳು. ಆಸ್ತಿವಂತ. ಕೊಡುವುದೋ ಬಿಡುವುದೋ ಎಂದು ಹೂವು ಕೇಳಿಬರಲು ಅಮ್ಮ ಅಪ್ಪನನ್ನು ಗುಡಿಗೆ ಹೊರಡಿಸಿದಳು, ನಾನೂ ಹಿಂದೆ ಹೋದೆ. ನಮ್ಮನ್ನು ಕಂಡು ಕೊಂಡಪ್ಪ ಹೊರಗೆ ಬಂದ.

“ನಾನು ಮುಟ್ಟಲ್ಲ. ನೀನೇ ಅಂಟಿಸ್ಕೊ” ಎಂದು ಹೇಳಿ, ಏರಿಯ ಮೇಲೆ ದೂರ ಹೋಗಿ ನಿಂತ.

ಅಪ್ಪ ಮುಳುಗಿ ಬಂದ. ಎರಡು ಹೂವು ನೀರಿಗದ್ದಿ ತಾನೇ ತಾಯಿಯ ಭುಜಗಳಿಗೆ ಒತ್ತಿದ. ಕಣ್ಣು ಮುಚ್ಚಲಿಲ್ಲ. ಎಡಗಡೆಯದನ್ನು ಮುಟ್ಟಿ ನೋಡಿದ, ಬಲಗಡೆಯದನ್ನು ಮುಟ್ಟಿ ನೋಡಿದ. ಆಮೇಲೆ ಎರಡನ್ನೂ ಕಿತ್ತು ಕೆಳಗಿಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತುಬಿಟ್ಟ. ಗದ್ದೆ ಹೋದಾಗಲೂ ಅವನು ಅತ್ತಿರಲಿಲ್ಲ.

“ನನ್ನ ಬೆರಳೂ ಒಂದ್ಕಡೆ ಗಟ್ಟಿಯಾಗಿ ಒತ್ತಿಬಿಡ್ತು ಕಣಮ್ಮ. ಇನ್ನು ಈ ತಾಯಿನ ಹೆಂಗೆ ಕೇಳ್ಲಿ?” ಎಂದ.

ಒದ್ದೆ ಮುಖವನ್ನು ಒರೆಸಿಕೊಂಡು ನನ್ನ ಕಡೆ ತಿರುಗಿದ.

“ಅಂಜಿನಿ, ನಿಂಗೇನನ್ನಿಸ್ತದೆ? ನೀನೇ ಹೇಳು.”

ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳನ್ನು ಯಾರೂ ಹೀಗೆ ಕೇಳುತ್ತಿರಲಿಲ್ಲ. ಅಪ್ಪ ನನ್ನನ್ನು ಕೇಳಿದ್ದು ಪ್ರೀತಿಗಲ್ಲ, ಕೇಳುವುದಕ್ಕೆ ಅವನಿಗೆ ಬೇರೆ ಯಾರೂ ಉಳಿದಿರಲಿಲ್ಲ. ಬೇಡ ಎನ್ನುವ ಮಾತು ನನಗೆ ಬಾಯಿಯವರೆಗೆ ಬಂದಿತ್ತು. ಅವನ ಮುಖ ನೋಡಿ ಆಗಲಿ ಎಂದೆ.