ಹೊಸ್ತಿಲು ದಾಟಿದ ಡಾಕ್ಟರು

ಬೇರೆಯವರ ಸಂಕಟ ಕೇಳುವಾಗ ಆ ಡಾಕ್ಟರ ಕೆಳತುಟಿ ಒದ್ದೆಯಾಗುತ್ತಿತ್ತು, ಮಿಠಾಯಿ ಅಂಗಡಿಯ ಮುಂದೆ ನಿಂತವರಂತೆ. ಆಗ ನನಗದು ಕರುಣೆಯಾಗಿ ಕಂಡಿತ್ತು.

ಅವರು ಮನಸ್ಸಿನ ಡಾಕ್ಟರು. ಅರಸೀಕೆರೆಯಲ್ಲಿ ಮಹಡಿಯ ಮೇಲೊಂದು ಕೋಣೆ ಇಟ್ಟುಕೊಂಡಿದ್ದರು. ಐದು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮ ತೀರಿಕೊಂಡ ಮೇಲೆ, ತರಗತಿಯಲ್ಲಿ ನಿಂತರೆ ನನಗೆ ಗಂಟಲು ಕಟ್ಟುತ್ತಿತ್ತು. ಪಾಠ ಮಾಡಲಾಗದ ಟೀಚರನ್ನು ಶಾಲೆ ಎಷ್ಟು ದಿನ ಸಹಿಸೀತು? ಕಣಕಟ್ಟೆಯಿಂದ ವಾರಕ್ಕೆರಡು ಸಂಜೆ ಬಸ್ಸು ಹಿಡಿದು ಅವರಲ್ಲಿಗೆ ಹೋಗುತ್ತಿದ್ದೆ. ನಾನು ಮಂಚದ ಮೇಲೆ ಮಲಗಬೇಕು, ಅವರು ತಲೆಯ ಹಿಂದೆ ಕೂರುವರು, ಬಾಯಿಗೆ ಬಂದದ್ದನ್ನೆಲ್ಲ ಹೇಳಬೇಕು. ಮನೋವಿಶ್ಲೇಷಣೆಯೆಂದರೆ ಹೀಗೇ ಎಂದಿದ್ದರು. "ಇಲ್ಲಿ ಆಡಿದ್ದು ಈ ಬಾಗಿಲು ದಾಟಲ್ಲಮ್ಮ."

ಮೂರನೇ ತಿಂಗಳು ನನ್ನ ಬಾಯಿಂದ ಒಂದು ಮಾತು ಜಾರಿತು. ಅಮ್ಮನ ಉಸಿರು ನಿಂತಾಗ, ಅಳು ಬರುವುದಕ್ಕೂ ಮೊದಲು, 'ಸದ್ಯ, ಮುಗೀತು' ಅಂದುಕೊಂಡಿದ್ದೆ. ಅದನ್ನು ಹೇಳಿದ ವಾರವೇ ಗಂಟಲು ಸಡಿಲಿ, ಮಕ್ಕಳಿಗೆ ಒಂದಿಡೀ ಪದ್ಯ ಓದಿ ಹೇಳಿದೆ. ಇಷ್ಟು ಅವರಿಗೆ ಸಲ್ಲಬೇಕು, ಇಲ್ಲವೆನ್ನುವುದಿಲ್ಲ.

ಅಲ್ಲಿಂದಾಚೆ ನಾನು ಅವರಿಗೆ ಸದರವಾದೆ. ಒಂದು ಭಾನುವಾರ ಹೇಳದೆ ಕೇಳದೆ ಮನೆಗೆ ಬಂದರು. "ನಿಮ್ಮ ಕೈಯ ಮುದ್ದೆ ಉಣ್ಬೇಕು ಅನ್ನಿಸ್ತು ಕಣ್ರೀ." ಬಸ್ಸಾರು ಎರಡು ಸಲ ಬಡಿಸಿಕೊಂಡು, ಹೆಂಡತಿ ತಮ್ಮನ್ನು ಅರ್ಥ ಮಾಡಿಕೊಳ್ಳಲೇ ಇಲ್ಲವೆಂದು ಅತ್ತರು. ಆಮೇಲೆ ಅವರ ಕೋಣೆಯಲ್ಲಿ ಮಂಚದ ಮೇಲೆ ಮಲಗುವವಳು ನಾನು, ಮಾತಾಡುವವರು ಅವರು. ಹಳೇಬೀಡಿನಿಂದ ಬರುತ್ತಿದ್ದ ಒಬ್ಬಾಕೆಯ ಕನಸನ್ನು ನನಗೆ ಹೇಳಿ ನಕ್ಕರು. ನಾನೂ ನಕ್ಕೆ. ಆ ನನ್ನ ನಗು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಮುಂದಿನ ವರ್ಷ ಬೇಲೂರಿನಲ್ಲಿ ಶಿಕ್ಷಕರ ಸಭೆ. ಭಾಷಣಕ್ಕೆ ಅವರೇ ಬಂದಿದ್ದರು. ನನ್ನ ಪಕ್ಕದಲ್ಲಿ ಅಣ್ಣ ಕೂತಿದ್ದ, ಅವನೂ ಮೇಷ್ಟ್ರು.

"ಹೆಸರು ಬೇಡ," ಎಂದು ಮೈಕಿನಲ್ಲಿ ಶುರು ಮಾಡಿದರು. "ಕಣಕಟ್ಟೆ ಕಡೆ ಒಬ್ಬ ಟೀಚರು. ಹೆತ್ತ ತಾಯಿ ಸತ್ತಾಗ ಏನಂದ್ಕೊಂಡ್ರು ಗೊತ್ತಾ? ಸದ್ಯ, ಮುಗೀತು ಅಂತ!"

ಅಮ್ಮನ ಚಿತೆಗೆ ಕೊಳ್ಳಿಯಿಟ್ಟ ಅಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದ. "ನೀನೇನೇ ಅದು?"

ನಾನು ಎದ್ದು ನಿಂತೆ. "ಆ ಟೀಚರು ನಾನೇ ಸಾರ್. ಹೇಳೋಕ್ ಮುಂಚೆ ನನ್ನ ಒಂದ್ ಮಾತು ಕೇಳಿದ್ರಾ?"

ಆ ಮನುಷ್ಯ ನಾಚಲಿಲ್ಲ. ಎರಡೂ ಕೈ ಚಾಚಿ ನನ್ನನ್ನು ತೋರಿಸಿದರು. "ನೋಡಿ, ಬಾಯೇ ಬಿಡದ ಹೆಂಗಸು ಇವತ್ತು ಎಷ್ಟು ಧೈರ್ಯವಾಗಿ ಮಾತಾಡ್ತಿದಾರೆ! ಚಿಕಿತ್ಸೆ ಅಂದ್ರೆ ಇದು."

ಚಪ್ಪಾಳೆ ಬಿತ್ತು. ಅಣ್ಣ ಆರು ತಿಂಗಳು ನಮ್ಮ ಮನೆ ಮೆಟ್ಟಿಲು ತುಳಿಯಲಿಲ್ಲ. ನಾನು ಆ ಮಹಡಿಯನ್ನು ಮತ್ತೆ ಹತ್ತಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಅಂತಿಮ ದರ್ಶನಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬರು ನನ್ನನ್ನೂ ಕರೆದರು. "ಬನ್ನಿ, ಹೋಗ್ಬರೋಣ. ಪಾಪ, ಪೇಷೆಂಟುಗಳ್ನ ಮನೆಯವರ ಥರ ನೋಡ್ತಿದ್ರು."

"ಮನೆಯವರು ನಂಗೆ ಇದ್ರು ಕಣ್ರೀ," ಎಂದೆ. "ನಾನು ಹೋಗಿದ್ದು ಡಾಕ್ಟರ ಹತ್ರ."