ಅರ್ಧ ಇಳಿದ ಸ್ಕ್ಯಾನ್

ಫೋನಿನಲ್ಲಿ ಹಸಿರು ಟಿಕ್ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಜಗಳೂರಿನ ದೊಡ್ಡಮ್ಮನಿಗೆ ಕಿಬ್ಬೊಟ್ಟೆಯಲ್ಲಿ ನೋವು. ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ವರದಿ ಬರುವುದು ತಡ ಎಂದು ಸ್ಕ್ಯಾನ್ ಸೆಂಟರಿನವರು ಮೊದಲು ಚಿತ್ರಗಳ ಲಿಂಕನ್ನು ಅವರ ಮಗನಿಗೆ, ಅಂದರೆ ನನ್ನ ಅಣ್ಣನಿಗೆ ಕಳಿಸಿದರು. ಆ ಮಹಾಶಯ ವಾಪಸ್ ಬರುವ ಬಸ್ಸಿನಲ್ಲೇ ಡೌನ್‌ಲೋಡ್‌ಗೆ ಒತ್ತಿದ. ದಾರಿಯಲ್ಲಿ ಸಿಗ್ನಲ್ ಹೋಯಿತು, ಫೈಲ್ ತೆರೆಯಲಿಲ್ಲ. ಎಲ್ಲಿಂದಲೋ ರಿಪೇರಿ ಮಾಡುವ ಆ್ಯಪ್ ಹಾಕಿಕೊಂಡ. ಅದು ಕೈಗೆ ಸಿಕ್ಕಷ್ಟನ್ನು ಜೋಡಿಸಿ ಹಸಿರು ಟಿಕ್ ತೋರಿಸಿತು. ಚನ್ನಗಿರಿಯ ಪರಿಚಯದ ಡಾಕ್ಟರು ಊಟದ ನಡುವೆ ಫೋನಿನಲ್ಲೇ ಕಣ್ಣಾಡಿಸಿ, "ಏನೂ ಕಾಣ್ತಿಲ್ಲ" ಎಂದುಬಿಟ್ಟರು. ಅಣ್ಣ ಲಿಂಕನ್ನೂ ಆ ಫೈಲನ್ನೂ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ; ಅಲ್ಲಿ ದೇವರಿಗೆ ಕೈಮುಗಿದದ್ದೇ ಮುಗಿದದ್ದು. ಫೈಲ್ ಬಿಚ್ಚಿ ನೋಡಿದ ಪುಣ್ಯಾತ್ಮರು ಒಬ್ಬರೂ ಇಲ್ಲ.

ನಾನು ಹೊನ್ನಾಳಿಯ ಮನೆಯಲ್ಲಿ ಬಿಚ್ಚಿದೆ. ಲಿಂಕಿನ ಪುಟ ಹೇಳುತ್ತಿದ್ದ ಸೈಜಿನ ಅರ್ಧವೂ ಅದಕ್ಕಿರಲಿಲ್ಲ. ಪಕ್ಕೆಲುಬಿತ್ತು, ಸೊಂಟದ ಮೂಳೆಯ ಒಂದು ಚಿತ್ರವೂ ಇಲ್ಲ. ನೋವಿದ್ದ ಜಾಗವೇ ಬಂದಿರಲಿಲ್ಲ. ಅಣ್ಣನಿಗೆ ಹೇಳಿದರೆ, "ಓಪನ್ ಆಗೈತಲ್ಲ, ಇನ್ನೇನು ಬೇಕು ನಿಂಗೆ?" ಎಂದ.

ವೈಫೈನಲ್ಲಿ ಮತ್ತೆ ಇಳಿಸಿದೆ. ಪ್ರತಿ ಫೈಲಿಗೂ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಒಂದು ಸಾಲು ಇರುತ್ತದೆ. ಒಳಗೆ ಚೂರು ಬದಲಾದರೂ ಆ ಸಾಲು ಬೇರೆಯಾಗುತ್ತದೆ. ನಿಮ್ಮಲ್ಲಿರುವ ಮೂಲ ಫೈಲಿನ ಸಾಲನ್ನು ಓದಿ ಹೇಳಿ ಎಂದು ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿದೆ. "ಅದನ್ನೆಲ್ಲ ಯಾರು ಕೇಳ್ತಾರ್ರೀ ಮೇಡಂ!" ಎಂದು ಆಪರೇಟರ್ ನಕ್ಕ. ನಾನು ನಗಲಿಲ್ಲ. ಗೊಣಗುತ್ತಲೇ ಓದಿದ. ನಾನು ಇಳಿಸಿದ ಫೈಲಿನ ಸಾಲಿಗೆ ಸರಿಹೊಂದಿತು; ಅಂದರೆ ಫೈಲ್ ಪೂರ್ತಿ ಇಳಿದಿತ್ತು.

ಅದನ್ನು ಅದೇ ಡಾಕ್ಟರಿಗೆ ಕಳಿಸಿದೆ. ಈ ಸಲ ಅವರೇ ಫೋನ್ ಮಾಡಿ, "ಗಡ್ಡೆ ಐತೆ. ತಡ ಮಾಡಬೇಡ್ರಿ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ರಿ" ಎಂದರು.

ಅಣ್ಣ ನನ್ನ ಮೇಲೇ ಹರಿಹಾಯ್ದ. "ಚೆನ್ನಾಗಿದ್ದೋಳಿಗೆ ಇಲ್ದಿರೋ ರೋಗ ಹುಡುಕಾಕೆ ಹೋದ್ಯಲ್ಲ!" ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಆ ಹಳೆಯ ಅರ್ಧ ಫೈಲನ್ನೇ ಹಿಡಿದು ನ್ಯಾಮತಿಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿ, "ಏನೂ ಇಲ್ಲ" ಅನ್ನಿಸಿಕೊಂಡು ಬಂದ. ಗ್ರೂಪಿನಲ್ಲಿ ಮತ್ತೆ ಕೈಮುಗಿದರು. ಥೂ, ಹೆತ್ತ ತಾಯಿಯ ಹೊಟ್ಟೆಯ ವಿಷಯದಲ್ಲೂ ತಮಗೆ ಹಿತವಾದದ್ದನ್ನೇ ಆರಿಸಿಕೊಳ್ಳುವ ಜನ! ಹೇಸಿಗೆಯಾಯಿತು. ಗ್ರೂಪಿನಿಂದ ಹೊರಬಿದ್ದು ಮಾರನೆಯ ದಿನ ಜಗಳೂರಿನ ಬಸ್ಸು ಹತ್ತಿದೆ.

ದೊಡ್ಡಮ್ಮ ಹಿತ್ತಲಲ್ಲಿ ಶೇಂಗಾ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಎರಡೂ ಫೈಲುಗಳನ್ನು ಬಿಚ್ಚಿ ತೋರಿಸಿ, ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅಣ್ಣ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದ. ದೊಡ್ಡಮ್ಮ ಕೈಯೆತ್ತಿ ಅವನನ್ನು ತಡೆದು, ನನ್ನನ್ನು ಕೇಳಿದರು:

"ಇದ್ರಾಗೆ ನನ್ನದು ಯಾವುದವ್ವ?"

"ಈ ದೊಡ್ಡದು, ದೊಡ್ಡಮ್ಮ."

ಅವರು ಮಡಿಲಿನ ಸಿಪ್ಪೆ ಕೊಡವಿ ಎದ್ದರು. "ಹಂಗಾದ್ರೆ ನಡಿ, ದೊಡ್ಡಾಸ್ಪತ್ರೆಗೆ ಹೋಗಾಣ. ಒಳಗೆ ಏನೋ ಐತೆ ಅಂತ ನಂಗೆ ಮೊದಲೇ ಗೊತ್ತಿತ್ತು."